ಬೇಹುಗಾರಿಕೆ ಮತ್ತು ಗೂಢಲಿಪಿ ಅಧಿಕಾರಿಯ ವೃತ್ತಿ: ಸೇನಾಂಗದ ಆಯ್ಕೆ

ಎದುರಾಳಿ ಮುಚ್ಚಿಟ್ಟದ್ದನ್ನು ಕಂಡುಹಿಡಿದು, ಅದಕ್ಕೆ ಅರ್ಥ ಹಚ್ಚಿ, ಹೊತ್ತು ಮೀರುವ ಮೊದಲೇ ಸೇನಾನಾಯಕನ ಮುಂದಿಡುವ ಕೆಲಸಕ್ಕೆ ಬೇಹುಗಾರಿಕೆ ಎಂದು ಹೆಸರು. ತನ್ನ ಸಂದೇಶವನ್ನು ಪರರಿಗೆ ತಿಳಿಯದಂತೆ ಬರೆಯುವ, ಪರರು ಹಾಗೆ ಬರೆದದ್ದನ್ನು ಬಿಡಿಸಿ ಓದುವ ವಿದ್ಯೆ ಗೂಢಲಿಪಿಶಾಸ್ತ್ರ. ಇವೆರಡರ ನಂಟು ಹಳೆಯದು, ಆದರೆ ಇವೆರಡೂ ಒಂದೇ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಬ್ಬ ಪಿಯುಸಿ ಅಥವಾ ಪದವಿ ವಿದ್ಯಾರ್ಥಿ ಈ ವೃತ್ತಿಯನ್ನು ಬಯಸಿದಾಗ ಮೊದಲು ಹುಟ್ಟುವ ಪ್ರಶ್ನೆ ‘ಯಾವ ಪಡೆಗೆ ಸೇರಬೇಕು?’ ಎಂಬುದು. ಅಮೆರಿಕದ ನೌಕಾಪಡೆಯಲ್ಲಿ ಗೂಢಲಿಪಿ ಸಮರಕ್ಕೆಂದೇ ಅಧಿಕಾರಿಗಳ ಒಂದು ಪ್ರತ್ಯೇಕ ವರ್ಗವಿದೆ. ಅಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಭಾರತದಲ್ಲಿ ಆ ಹೆಸರಿನಿಂದ ಅರ್ಜಿ ಕರೆಯುವ ಶಾಖೆ ಇಲ್ಲ. ಇಲ್ಲಿ ಆ ಕೆಲಸ ಮೂರು ಪಾಲಾಗಿ ಹಂಚಿಹೋಗಿದೆ: ಆಲಿಸುವುದು, ಬಿಡಿಸುವುದು, ಅರ್ಥ ಹಚ್ಚುವುದು. ಆದ್ದರಿಂದ ಪಡೆಯ ಹೆಸರನ್ನೋ ಸಮವಸ್ತ್ರದ ಬಣ್ಣವನ್ನೋ ನೋಡಿ ಆರಿಸುವ ಬದಲು, ಈ ಮೂರರಲ್ಲಿ ತನಗೆ ಒಗ್ಗುವುದು ಯಾವುದೆಂದು ಮೊದಲು ತೀರ್ಮಾನಿಸುವುದು ಉಚಿತ. ಗೂಢಲಿಪಿಯತ್ತಲೇ ಮನಸ್ಸಿರುವವರಿಗೆ ಭೂಸೇನೆಯ ಕೋರ್ ಆಫ್ ಸಿಗ್ನಲ್ಸ್, ಹೆಸರಿನಲ್ಲಿ ಬೇಹುಗಾರಿಕೆಯ ಸೋಂಕಿಲ್ಲದಿದ್ದರೂ, ಮೊದಲ ಆಯ್ಕೆಯಾಗಬೇಕು ಎಂಬುದು ಈ ಲೇಖನದ ವಾದ.

ಈ ಮೂರು ತಾಲ್ಲೂಕುಗಳ ಇತಿಹಾಸಕ್ಕೆ ಬೇಹುಗಾರಿಕೆ ಹೊಸತಲ್ಲ. ಕೆಳದಿಯ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಒಯ್ದರು. ಕೆಳದಿ, ಇಕ್ಕೇರಿಗಳು ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು ಹೊಸನಗರ ತಾಲ್ಲೂಕಿನ ನಗರ. ಅವರದೇ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿಯತ್ತ ಹೋಗುವಾಗ ರಾಣಿ ಚೆನ್ನಮ್ಮಾಜಿ ಆಶ್ರಯ ಕೊಟ್ಟು ದಾಟಿಸಿದಳು. ಬೆನ್ನಟ್ಟಿದ ಮೊಗಲರ ಕೈಗೆ ಅವನು ಸಿಗದೆ ಉಳಿದದ್ದಕ್ಕೆ ರಾಣಿಯ ಸೈನ್ಯದ ಬಲವೆಷ್ಟು ಕಾರಣವೋ ಸುದ್ದಿ ಹೊರಬೀಳದಂತೆ ಕಾದದ್ದೂ ಅಷ್ಟೇ ಕಾರಣ. ಮುಕ್ಕಾಲು ಶತಮಾನದ ನಂತರ ಇದೇ ನೆಲದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಬಂದಾಗ ಸುತ್ತಲಿನ ಕಾಡು, ಬೆಟ್ಟ, ಕಾವಲು ಬಾಗಿಲುಗಳೇ ನಗರದ ಭರವಸೆಯಾಗಿದ್ದವು. ಹಿಂದಿನ ಮಂತ್ರಿಯೊಬ್ಬ ಗುಟ್ಟಿನ ದಾರಿಯೊಂದನ್ನು ಹೈದರನಿಗೆ ತೋರಿಸಿಕೊಟ್ಟ. ಬಾಗಿಲುಗಳ ಮುಂದೆ ತೋರಿಕೆಯ ದಾಳಿ ನಡೆಯುತ್ತಿರುವಾಗ ಸೈನ್ಯ ಆ ದಾರಿಯಿಂದ ಒಳನುಗ್ಗಿತು. ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ಹೊರಟುಹೋದಳು. ಕೋಟೆಗೋಡೆ ಎಷ್ಟು ದಪ್ಪವಿದ್ದರೂ ಗುಟ್ಟು ಬಲ್ಲ ಒಬ್ಬ ಮನುಷ್ಯ ಸಾಕು ಎಂಬುದನ್ನು ಇಂದು ಮಾನವ ಮೂಲದ ಬೇಹುಗಾರಿಕೆ ಎಂದು ಪಾಠ ಮಾಡುತ್ತಾರೆ. 

ಗೂಢಲಿಪಿಯ ಮಾತೆತ್ತಿದರೆ ಕನ್ನಡ ಓದುಗರಲ್ಲಿ ಹಲವರಿಗೆ ನೆನಪಾಗುವುದು ಕುಮುದೇಂದುವಿನ ‘ಸಿರಿಭೂವಲಯ’. 27 ಸಾಲು, 27 ಕಂಬಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನು ತುಂಬಿ, ಒಂದೊಂದು ಅಂಕಿಗೆ ಒಂದೊಂದು ಧ್ವನಿ ಎಂದು ಓದುವ ಕೃತಿ ಅದು. ಅದರ ಕಾಲದ ಬಗ್ಗೆಯೂ ಅದರಲ್ಲಿ ಏನೇನಿದೆ ಎಂಬ ಹೇಳಿಕೆಗಳ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಜಗಳ ಇಲ್ಲಿ ಬೇಡ. ಇಲ್ಲಿ ಬೇಕಾದದ್ದು ಒಂದು ವ್ಯತ್ಯಾಸ. ಅಕ್ಷರದ ಬದಲು ಅಂಕಿ ಬರೆಯುವುದು ಸಂಕೇತ. ಆ ಅಂಕಿಯ ಪಟ್ಟಿ ಸಿಕ್ಕವರೆಲ್ಲ ಅದನ್ನು ಓದಬಲ್ಲರು. ಸೇನೆಯ ಗೂಢಲಿಪಿಯಲ್ಲಿ ವಿಧಾನ ಶತ್ರುವಿಗೆ ಗೊತ್ತಿದ್ದರೂ ಕೀಲಿ ಗೊತ್ತಿಲ್ಲದೆ ಓದಲಾಗಬಾರದು. ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿ ಮುಂದಿಟ್ಟ ಈ ನಿಯಮ ಇಂದಿಗೂ ಈ ವಿದ್ಯೆಯ ಅಡಿಗಲ್ಲು. ಹವ್ಯಕರ ಮಾತನ್ನೇ ವೈರ್‌ಲೆಸ್‌ನಲ್ಲಿ ಆಡಿದರೆ ಯಾವ ಶತ್ರುವಿಗೂ ತಿಳಿಯದು ಎಂದು ತಮಾಷೆ ಮಾಡಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ನವಾಹೋ ಭಾಷೆಯನ್ನು ಬಳಸಿದ್ದನ್ನು ಅದಕ್ಕೆ ಆಧಾರವಾಗಿ ಕೊಡಲೂಬಹುದು. ಆದರೆ ನವಾಹೋ ಸೈನಿಕರು ಬರಿಯ ತಾಯ್ನುಡಿ ಆಡಲಿಲ್ಲ, ಅದರೊಳಗೆ ಇನ್ನೊಂದು ಪದಸಂಕೇತ ಕಟ್ಟಿಕೊಂಡಿದ್ದರು. ಜಪಾನೀಯರ ಸೆರೆಗೆ ಸಿಕ್ಕ ಒಬ್ಬ ನವಾಹೋ ಸೈನಿಕನಿಗೆ ಆ ತರಬೇತಿ ಇರಲಿಲ್ಲ. ತನ್ನದೇ ಭಾಷೆಯ ಸಂದೇಶ ಕಿವಿಗೆ ಬಿದ್ದರೂ ಅವನಿಗೆ ಅದರ ತಲೆಬುಡ ತಿಳಿಯಲಿಲ್ಲ. ಭಾಷಾಜ್ಞಾನ ಬೇಹುಗಾರಿಕೆಗೆ ದೊಡ್ಡ ಬಂಡವಾಳ. ಗೂಢಲಿಪಿಗೆ ಅದರ ಜೊತೆಗೆ ಗಣಿತವೂ ಬೇಕು.

ಮೂರು ಪಾಲಿನ ಮಾತು ಲೇಖಕನ ಕಲ್ಪನೆಯಲ್ಲ ಎಂಬುದಕ್ಕೆ ಕರ್ನಾಟಕದ್ದೇ ಸಾಕ್ಷ್ಯವಿದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಡಿಯೋ ಸಂದೇಶಗಳನ್ನು ಹಿಡಿಯಲು ದೆಹಲಿಯ ಆನಂದ ಪರ್ವತದಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಎಂಬ, ಹೆಸರಿನಿಂದ ಏನೂ ತಿಳಿಯದ ಸಂಸ್ಥೆ ನಡೆಯುತ್ತಿತ್ತು. ಅದಕ್ಕೆ ಎರಡು ಹೊರಕೇಂದ್ರಗಳು: ಒಂದು ಬಂಗಾಳದ ಬ್ಯಾರಕ್‌ಪುರದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಹಿಡಿದ ಸಂದೇಶಗಳ ಮೇಲೆ ಗಣಿತ ಬಲ್ಲವರೂ ಜಪಾನೀ ಭಾಷೆ ಬಲ್ಲವರೂ ಕೂಡಿ ಕೆಲಸ ಮಾಡುತ್ತಿದ್ದರು. ಜಪಾನೀ ಭೂಸೇನೆಯ ಜಲಸಾರಿಗೆಯ ಸಂಕೇತ 1943ರ ಏಪ್ರಿಲ್‌ನಲ್ಲಿ ದೆಹಲಿಯಲ್ಲೂ ಆಸ್ಟ್ರೇಲಿಯದ ಸೆಂಟ್ರಲ್ ಬ್ಯೂರೋದಲ್ಲೂ ಬಿಡಿಸಲ್ಪಟ್ಟಿತು; ಅದರಿಂದ ಹಡಗುಗಳ ಸಾಗಾಟ ಮೊದಲೇ ತಿಳಿಯತೊಡಗಿತು. ರೇಡಿಯೋ ಮುಂದೆ ಕಿವಿಗೊಟ್ಟು ಕೂತವನು ಸಿಗ್ನಲ್ಸ್‌ನವನು, ಅಂಕಿಗಳ ಜೊತೆ ಗುದ್ದಾಡಿದವನು ಗಣಿತಜ್ಞ, ಕೊನೆಯಲ್ಲಿ ‘ಈ ಹಡಗಿನಲ್ಲಿ ಏನಿರಬಹುದು, ಯಾಕೆ ಹೊರಟಿದೆ’ ಎಂದು ಹೇಳಿದವನು ಬೇಹುಗಾರಿಕೆಯ ಅಧಿಕಾರಿ. ಮೂವರಲ್ಲಿ ಒಬ್ಬ ಸೋತರೂ ಉಳಿದಿಬ್ಬರ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 1971ರ ಬಾಂಗ್ಲಾ ಯುದ್ಧದಲ್ಲೂ ಇದೇ ಹಂಚಿಕೆ ಕಾಣುತ್ತದೆ: ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದಲ್ಲಿ ನಡೆಯಲಿದ್ದ ಉನ್ನತ ಸಭೆಯ ಸುಳಿವು ಭಾರತದ ಸಿಗ್ನಲ್ಸ್ ಬೇಹುಗಾರಿಕೆಯವರು ಬೆಳಿಗ್ಗೆ ಹಿಡಿದ ಸಂದೇಶದಿಂದ ಸಿಕ್ಕಿತು; ಕೆಲವೇ ಗಂಟೆಗಳಲ್ಲಿ ವಾಯುಪಡೆಯ ಮಿಗ್-21 ವಿಮಾನಗಳು ಆ ಕಟ್ಟಡದ ಮೇಲೆರಗಿದವು; ಗವರ್ನರ್ ಎ.ಎಂ. ಮಲಿಕ್ ಅಂದೇ ರಾಜೀನಾಮೆ ಬರೆದುಕೊಟ್ಟರು. ಹಿಡಿದವರು ಒಬ್ಬರು, ಅರ್ಥ ಮಾಡಿಕೊಂಡವರು ಇನ್ನೊಬ್ಬರು, ಹೊಡೆದವರು ಮತ್ತೊಬ್ಬರು. ಮಧ್ಯಾಹ್ನ ಸಿಕ್ಕಿದ್ದರೆ ಆ ಸಂದೇಶಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಕೋರ್ ಆಫ್ ಸಿಗ್ನಲ್ಸ್ 1911ರ ಫೆಬ್ರುವರಿ 15ರಂದು ಹುಟ್ಟಿತು. ಅದರ ಧ್ಯೇಯವಾಕ್ಯ ‘ತೀವ್ರ ಚೌಕಸ್’, ಅಂದರೆ ಚುರುಕು ಮತ್ತು ಎಚ್ಚರ. ಸೇನೆಯ ಸಂಪರ್ಕ ಜಾಲ ಕಟ್ಟುವುದು, ಅದನ್ನು ಗೂಢಲಿಪಿಯಿಂದ ಕಾಯುವುದು, ಶತ್ರುವಿನ ತರಂಗಗಳನ್ನು ಹಿಡಿಯುವುದು, ಅವುಗಳ ದಿಕ್ಕು ಪತ್ತೆಮಾಡುವುದು, ಬೇಕಾದಾಗ ಅವನ್ನು ಕೆಡಿಸುವುದು ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಇದರ ಕಾಲೇಜು ಮಧ್ಯಪ್ರದೇಶದ ಮ್ಹೋವ್‌ನ ಮಿಲಿಟರಿ ಕಾಲೇಜ್ ಆಫ್ ಟೆಲಿಕಮ್ಯುನಿಕೇಶನ್ ಎಂಜಿನಿಯರಿಂಗ್. ಎಂಜಿನಿಯರಿಂಗ್ ಪದವಿ ಇಲ್ಲದೆ ಬಂದ ಅಧಿಕಾರಿಗೂ ಅಲ್ಲಿ ಸೇವೆಯಲ್ಲಿರುವಾಗಲೇ ಪದವಿ ಪಡೆಯುವ ಅವಕಾಶವಿದೆ. ಈ ಕೆಲಸದ ಮೊದಲ ಪಾಠ ಮಲೆನಾಡಿನವರಿಗೆ ಮನೆಯಂಗಳದಲ್ಲೇ ಸಿಕ್ಕಿರುತ್ತದೆ. ಕೊಡಚಾದ್ರಿಯ ತಪ್ಪಲಿನ ಕಣಿವೆಯಲ್ಲಿ, ಆಗುಂಬೆಯ ತಿರುವುಗಳಲ್ಲಿ, ಲಿಂಗನಮಕ್ಕಿ ಹಿನ್ನೀರಿನ ಆಚೆಯ ಕರೂರು ಸೀಮೆಯಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾಗುವುದು ಯಾಕೆ? ಮೊಬೈಲ್ ಬಳಸುವ ಹೆಚ್ಚಿನ ಆವರ್ತನದ ತರಂಗಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ, ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. 3ರಿಂದ 30 ಮೆಗಾಹರ್ಟ್ಸ್‌ನ ತರಂಗಗಳಾದರೋ ಮೇಲಿನ ಅಯಾನುಗೋಲಕ್ಕೆ ತಾಗಿ ಬಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಬೆಟ್ಟ ಅವಕ್ಕೆ ಲೆಕ್ಕಕ್ಕಿಲ್ಲ, ಆದರೆ ಹಾಗೆಯೇ ದೂರದ ಶತ್ರುವಿನ ಕಿವಿಗೂ ಬೀಳುತ್ತವೆ. ಗಡಿಯ ಬೆಟ್ಟಗಳಲ್ಲಿ ಆಲಿಸುವ ಠಾಣೆಯನ್ನು ಎಲ್ಲಿ ನೆಡಬೇಕು, ಯಾವ ಸಂದೇಶವನ್ನು ಯಾವ ಆವರ್ತನದಲ್ಲಿ ಕಳಿಸಬೇಕು ಎಂಬ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಇನ್ನು ಗೂಢಲಿಪಿಗೆ ಬಂದರೆ, ಇಂದಿನದನ್ನು ನೇರವಾಗಿ ಗಣಿತದಿಂದ ಮುರಿಯುವುದು ಬಲು ಕಷ್ಟ. ಕೀಲಿಯನ್ನು ಎರಡು ಸಲ ಬಳಸಿದ ಆಲಸ್ಯ, ಪ್ರತಿ ದಿನ ಒಂದೇ ಮಾತಿನಿಂದ ಸಂದೇಶ ಆರಂಭಿಸುವ ಚಾಳಿ, ಯಂತ್ರವನ್ನು ಅರೆಬರೆ ಹೊಂದಿಸಿದ ತಪ್ಪು, ಇಂಥ ಬಿರುಕುಗಳಿಂದಲೇ ಹೆಚ್ಚಿನ ಗುಟ್ಟು ಸೋರುತ್ತದೆ. ಆ ಬಿರುಕುಗಳನ್ನು ದಿನವೂ ಕಣ್ಣಾರೆ ಕಾಣುವವನು ಸಂಪರ್ಕ ಜಾಲ ನಡೆಸುವ ಸಿಗ್ನಲ್ಸ್ ಅಧಿಕಾರಿ. ಗೂಢಲಿಪಿ ಬಯಸುವವನು ಮೊದಲು ಅಲ್ಲಿಗೆ ಹೋಗಬೇಕೆನ್ನಲು ಇದೇ ಮುಖ್ಯ ಕಾರಣ.

ಹೆಸರಿನಿಂದಲೇ ಕಣ್ಸೆಳೆಯುವುದು ಇಂಟೆಲಿಜೆನ್ಸ್ ಕೋರ್. ಈಗಿನ ರೂಪದಲ್ಲಿ ಅದರ ಬೇರು 1942ರದು. ತರಬೇತಿಯ ನೆಲೆ ಪುಣೆಯ ಮಿಲಿಟರಿ ಇಂಟೆಲಿಜೆನ್ಸ್ ಟ್ರೈನಿಂಗ್ ಸ್ಕೂಲ್ ಆಂಡ್ ಡಿಪೋ. ಇಲ್ಲಿನ ಅಧಿಕಾರಿ ಶತ್ರುಸೇನೆಯ ರಚನೆ, ಚಲನೆ, ಸ್ವಭಾವಗಳನ್ನು ತಿಳಿಯುತ್ತಾನೆ, ಸೆರೆಸಿಕ್ಕವರನ್ನು ವಿಚಾರಿಸುತ್ತಾನೆ, ಚಿತ್ರಗಳನ್ನು ಓದುತ್ತಾನೆ, ತನ್ನ ಸೇನೆಯೊಳಗೆ ಶತ್ರುವಿನ ಬೇಹು ನುಸುಳದಂತೆ ಕಾಯುತ್ತಾನೆ. ಭಾಷೆ, ಇತಿಹಾಸ, ಭೂಗೋಳ, ಜನರೊಡನೆ ಬೆರೆಯುವ ಗುಣ ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಬಿದನೂರಿನ ಗುಟ್ಟಿನ ದಾರಿಯ ಕತೆ ಕೇಳಿದೊಡನೆ ‘ಆ ಮಂತ್ರಿಯನ್ನು ಮೊದಲೇ ಗುರುತಿಸಬಹುದಿತ್ತೇ’ ಎಂದು ಕೇಳುವ ಮನಸ್ಸು ಈ ಕೋರ್‌ಗೆ ಸೇರಿದ್ದು. ವಿದೇಶಿ ಭಾಷೆ ಕಲಿಸಲು ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಸ್ಕೂಲ್ ಆಫ್ ಫಾರಿನ್ ಲ್ಯಾಂಗ್ವೇಜಸ್ ಇದೆ, ಪಚ್‌ಮಢಿಯ ಸೇನಾ ಶಿಕ್ಷಣ ಕೇಂದ್ರದಲ್ಲೂ ಆ ವ್ಯವಸ್ಥೆಯಿದೆ. ಒಂದು ಮಾತನ್ನು ಮುಚ್ಚಿಡಬಾರದು: ಚಿಕ್ಕ ಕೋರ್ ಆದುದರಿಂದ ಮೇಲಿನ ಹುದ್ದೆಗಳೂ ಕಡಿಮೆ, ಸೈನಿಕ ಬೇಹುಗಾರಿಕೆಯ ತುದಿಯ ಹುದ್ದೆಗೆ ಸಾಮಾನ್ಯವಾಗಿ ಕಾದಾಡುವ ದಳಗಳ ಜನರಲ್‌ಗಳೇ ಬರುತ್ತಾರೆ. ಸಿಗ್ನಲ್ಸ್‌ನಲ್ಲಿಯಾದರೆ ಸಿಗ್ನಲ್ ಆಫೀಸರ್ ಇನ್ ಚೀಫ್ ಎಂಬ ಲೆಫ್ಟಿನೆಂಟ್ ಜನರಲ್ ಹುದ್ದೆ ಆ ಕೋರ್‌ನವರದೇ.

ಉಳಿದೆರಡು ಪಡೆಗಳ ವಿಷಯ ಚಿಕ್ಕದಾಗಿ ಹೇಳಬಹುದು. ನೌಕಾಪಡೆಯಲ್ಲಿ ಎಕ್ಸಿಕ್ಯುಟಿವ್ ಶಾಖೆಗೆ ಸೇರಿದ ಅಧಿಕಾರಿ ಮೊದಲು ಹಡಗಿನ ಮೇಲೆ ಕಾವಲು ನಿಂತು ಅರ್ಹತೆ ಗಳಿಸಬೇಕು; ಆ ಬಳಿಕವಷ್ಟೇ ಕೊಚ್ಚಿಯಲ್ಲಿ ಸಂಪರ್ಕ ವಿಷಯದ ವಿಶೇಷ ಶಿಕ್ಷಣ. ಕಾರವಾರದ ಐಎನ್‌ಎಸ್ ಕದಂಬ ಘಟ್ಟದ ಬುಡದಲ್ಲೇ ಇದೆ ಎಂಬುದು ಸಾಗರದವರಿಗೆ ಆಸೆ ಹುಟ್ಟಿಸಬಹುದು, ಆದರೆ ಊರಿನ ಹತ್ತಿರ ನೆಲೆಯಿದೆ ಎಂದು ಪಡೆ ಆರಿಸುವುದು ವ್ಯರ್ಥ. ವರ್ಗಾವಣೆಯ ಆದೇಶ ಊರು ನೋಡಿ ಬರುವುದಿಲ್ಲ. ವಾಯುಪಡೆ 2022ರ ಅಕ್ಟೋಬರ್ 8ರಂದು ವೆಪನ್ ಸಿಸ್ಟಮ್ಸ್ ಎಂಬ ಹೊಸ ಶಾಖೆ ಘೋಷಿಸಿತು. ಅದರ ನಾಲ್ಕು ಉಪವಿಭಾಗಗಳಲ್ಲಿ ಒಂದರ ಹೆಸರೇ ಇಂಟೆಲಿಜೆನ್ಸ್. ಆಕಾಶದಿಂದ ತೆಗೆದ ಚಿತ್ರ ಓದುವ ಆಸಕ್ತಿಯಿರುವವರಿಗೆ ಇದು ನೇರ ದಾರಿ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದವರು ತಾಂತ್ರಿಕ ಶಾಖೆಗೆ ಸೇರಿದರೆ ಬೆಂಗಳೂರಿನ ಜಾಲಹಳ್ಳಿಯ ಏರ್ ಫೋರ್ಸ್ ಟೆಕ್ನಿಕಲ್ ಕಾಲೇಜಿನಲ್ಲಿ ಕಲಿಯುತ್ತಾರೆ. ಮೂರೂ ಪಡೆಗಳ ಬೇಹು ಒಂದೆಡೆ ಕೂಡುವುದು ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿಯಲ್ಲಿ. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ಎತ್ತಿತೋರಿಸಿದ ಕೊರತೆಗಳಿಂದ 2002ರಲ್ಲಿ ಹುಟ್ಟಿದ ಈ ಸಂಸ್ಥೆಯ ಅಧೀನದಲ್ಲೇ ಸಿಗ್ನಲ್ಸ್ ಇಂಟೆಲಿಜೆನ್ಸ್ ನಿರ್ದೇಶನಾಲಯವಿದೆ. ಅಂದರೆ ಯಾವ ಪಡೆಯಿಂದ ಹೊರಟರೂ ನುರಿತವರು ಮುಂದೆ ಒಂದೇ ಸೂರಿನಡಿ ಸೇರುವ ಸಾಧ್ಯತೆಯಿದೆ. ಹಾಗಾಗಿ ತೂಗಿನೋಡಬೇಕಾದದ್ದು ವೃತ್ತಿಯ ಮೊದಲ ಹತ್ತು ವರ್ಷದ ಕೆಲಸವನ್ನು.

ಈ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವೇನಲ್ಲ. ಮೊದಲನೆಯದು: ಆಯ್ಕೆ ಅಭ್ಯರ್ಥಿಯ ಕೈಯಲ್ಲಿ ಇದೆಯೇ? ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲೋ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲೋ ಕೆಡೆಟ್‌ಗಳಿಂದ ಇಷ್ಟದ ದಳಗಳ ಪಟ್ಟಿ ಕೇಳುತ್ತಾರೆ. ಕೊಡುವುದು ಮಾತ್ರ ಅರ್ಹತಾಕ್ರಮ, ಖಾಲಿ ಸ್ಥಾನ, ಸೇನೆಯ ಅಗತ್ಯ ನೋಡಿ. ಬೇಹುಗಾರಿಕೆ ಬಯಸಿ ಹೋದವನಿಗೆ ಫಿರಂಗಿದಳ ಸಿಗಬಹುದು. ಈ ಮಾತು ನಿಜ, ಆದರೆ ಇದು ಮೇಲಿನ ವಾದವನ್ನು ಗಟ್ಟಿಗೊಳಿಸುತ್ತದೆಯೇ ಹೊರತು ಕೆಡವುವುದಿಲ್ಲ. ಇಂಟೆಲಿಜೆನ್ಸ್ ಕೋರ್ ಒಂದನ್ನೇ ನಂಬಿ ಹೋದವನಿಗೆ ಅದು ತಪ್ಪಿದರೆ ಎರಡನೆಯ ದಾರಿ ಇಲ್ಲ. ಸಿಗ್ನಲ್ಸ್ ದೊಡ್ಡ ಕೋರ್. ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಪದವಿ ಕೈಯಲ್ಲಿದ್ದು ತಾಂತ್ರಿಕ ಪ್ರವೇಶದಿಂದ ಹೋದವನಿಗೆ ಅದು ಸಿಗುವ ಸಂಭವ ಹೆಚ್ಚು. ಶಿವಮೊಗ್ಗದ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ಮಲೆನಾಡಿನ ಮಕ್ಕಳಿಗೆ ಈ ದಾರಿ ಕಣ್ಣೆದುರೇ ಇದೆ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ನಿಜವಾದ ಗೂಢಲಿಪಿ ಕೆಲಸ ಸಮವಸ್ತ್ರವಿಲ್ಲದವರದು. ಡಿಆರ್‌ಡಿಓದ ಸೈಂಟಿಫಿಕ್ ಅನಾಲಿಸಿಸ್ ಗ್ರೂಪ್ 1963ರಿಂದ ದೆಹಲಿಯಲ್ಲಿ ಈ ವಿದ್ಯೆಯಲ್ಲಿ ತೊಡಗಿದೆ. 2004ರಲ್ಲಿ ಹುಟ್ಟಿದ ಎನ್‌ಟಿಆರ್‌ಓ ತಾಂತ್ರಿಕ ಬೇಹುಗಾರಿಕೆಯ ರಾಷ್ಟ್ರೀಯ ಸಂಸ್ಥೆ. ಬೆಂಗಳೂರಿನಲ್ಲೇ ಡಿಆರ್‌ಡಿಓದ ಕೃತಕ ಬುದ್ಧಿಮತ್ತೆ ಕೇಂದ್ರವೂ ಸೇನೆಯ ಸಂಪರ್ಕ ಸಾಧನ ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸೂ ಇವೆ. 1999ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜನರಲ್ ಮುಷರಫ್ ಬೀಜಿಂಗ್‌ನಲ್ಲಿದ್ದಾಗ ರಾವಲ್ಪಿಂಡಿಯೊಡನೆ ನಡೆಸಿದ ದೂರವಾಣಿ ಮಾತುಕತೆಯನ್ನು ಹಿಡಿದದ್ದೂ ನಾಗರಿಕ ಸಂಸ್ಥೆಯಾದ ರಾ. ಪೋಲೆಂಡಿನ ಸೇನೆ 1929ರಲ್ಲಿ ಪೊಜ್ನಾನ್‌ನ ಗಣಿತ ವಿದ್ಯಾರ್ಥಿಗಳಿಗೆ ಗುಟ್ಟಾಗಿ ತರಗತಿ ನಡೆಸಿ ಆರಿಸಿಕೊಂಡವರಲ್ಲಿ ಒಬ್ಬನಾದ ಮಾರಿಯನ್ ರೆಯೆವ್‌ಸ್ಕಿ 1932ರಲ್ಲಿ ಜರ್ಮನರ ಗೂಢಲಿಪಿ ಯಂತ್ರ ಎನಿಗ್ಮಾದ ಒಳರಚನೆಯನ್ನು ಬಿಡಿಸಿದ. ಅವನೂ ಸೈನ್ಯಾಧಿಕಾರಿ ಆಗಿರಲಿಲ್ಲ. ಈ ಆಕ್ಷೇಪವನ್ನು ಅರ್ಧಕ್ಕಿಂತ ಹೆಚ್ಚು ಒಪ್ಪಲೇಬೇಕು. ಗಣಿತವನ್ನು ಗಣಿತಕ್ಕಾಗಿಯೇ ಪ್ರೀತಿಸುವ, ಸ್ನಾತಕೋತ್ತರ ಪದವಿ ಮತ್ತು ಸಂಶೋಧನೆಯತ್ತ ಹೋಗಬಲ್ಲ ಹುಡುಗ ಅಥವಾ ಹುಡುಗಿ ಸೇನೆಗೆ ಸೇರದಿರುವುದೇ ಮೇಲು. ಸೈನ್ಯಾಧಿಕಾರಿಗೆ ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬದಲು, ಒಂದೇ ಸಮಸ್ಯೆಯ ಜೊತೆ ಹತ್ತು ವರ್ಷ ಕೂರಲು ಬಿಡುವುದಿಲ್ಲ. ಒಪ್ಪಲಾಗದ ಅರ್ಧವೆಂದರೆ, ರೆಯೆವ್‌ಸ್ಕಿಯ ಮುಂದೆ ಹಿಡಿದ ಸಂದೇಶಗಳನ್ನು ತಂದು ಸುರಿದದ್ದು ಸೇನೆಯ ರೇಡಿಯೋ ಠಾಣೆಗಳು. ಯುದ್ಧಭೂಮಿಯಲ್ಲಿ ಆಲಿಸುವ ಠಾಣೆಗೆ ಆದೇಶ ಕೊಡುವವನು, ತನ್ನ ಬ್ರಿಗೇಡಿನ ಕೀಲಿ ಸೋರದಂತೆ ನೋಡಿಕೊಳ್ಳುವವನು ಸಮವಸ್ತ್ರದವನೇ ಆಗಿರಬೇಕು, ಯಾಕೆಂದರೆ ಗುಂಡು ಹಾರುವಲ್ಲಿ ಅವನು ಇರಬೇಕು.

ಭಾಷೆಯ ಆಕ್ಷೇಪವೂ ಒಂದಿದೆ. ಪಿಯುಸಿ ಬಳಿಕ ಅಧಿಕಾರಿಯಾಗಲು ಯುಪಿಎಸ್‌ಸಿ ನಡೆಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಪ್ರವೇಶ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಹೊಸನಗರದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ಅನ್ಯಾಯ, ಅನ್ಯಾಯ ಎಂದೇ ಹೇಳಬೇಕು. ಆದರೂ ಅಂಕಗಳ ಹಂಚಿಕೆ ನೋಡಿದರೆ ದಾರಿ ಕಾಣುತ್ತದೆ: ಗಣಿತಕ್ಕೆ 300, ಇಂಗ್ಲಿಷೂ ಸೇರಿದ ಸಾಮಾನ್ಯ ಸಾಮರ್ಥ್ಯಕ್ಕೆ 600, ಸೇವಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನಕ್ಕೆ 900. ಗಣಿತದಲ್ಲಿ ಭಾಷೆಯ ಭಾರ ಕಡಿಮೆ. ಎಸ್‌ಎಸ್‌ಬಿಯ ಐದು ದಿನ ಅಳೆಯುವುದು ಗುಂಪಿನಲ್ಲಿ ನಡೆದುಕೊಳ್ಳುವ ರೀತಿ, ತೀರ್ಮಾನದ ವೇಗ, ಮಾತು ಮತ್ತು ನಡೆಯ ಹೊಂದಾಣಿಕೆ. ಇಂಗ್ಲಿಷ್ ತಡವರಿಸಿದರೂ ಯೋಚನೆ ತಡವರಿಸಬಾರದು. ಹೆಣ್ಣುಮಕ್ಕಳಿಗೆ ಈ ಕ್ಷೇತ್ರ ಮುಚ್ಚಿದೆ ಎಂಬ ಹಳೆಯ ನಂಬಿಕೆಯನ್ನಂತೂ ಬಿಟ್ಟುಬಿಡಬೇಕು. 1992ರಿಂದ ಸೇನೆಯ ವೈದ್ಯಕೀಯೇತರ ದಳಗಳಲ್ಲೂ ಮಹಿಳಾ ಅಧಿಕಾರಿಗಳಿದ್ದಾರೆ. 2020ರ ಫೆಬ್ರುವರಿ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವರಿಗೆ ಕಾಯಂ ಸೇವೆಗೆ ದಾರಿಯಾದ ದಳಗಳಲ್ಲಿ ಸಿಗ್ನಲ್ಸ್ ಮತ್ತು ಇಂಟೆಲಿಜೆನ್ಸ್ ಕೋರ್ ಎರಡೂ ಇವೆ. ಎನ್‌ಡಿಎಗೆ 2022ರಲ್ಲಿ ಸೇರಿದ ಮೊದಲ ಮಹಿಳಾ ತಂಡ 2025ರ ಮೇ ತಿಂಗಳಲ್ಲಿ ತೇರ್ಗಡೆಯಾಗಿ ಹೊರಬಂತು. ಪದಾತಿದಳ ಇನ್ನೂ ತೆರೆದಿಲ್ಲದಿರುವಾಗ, ಗೂಢಲಿಪಿ ಮತ್ತು ಬೇಹುಗಾರಿಕೆ ಹೆಣ್ಣುಮಕ್ಕಳಿಗೂ ತೆರೆದ ಕ್ಷೇತ್ರಗಳು.

ಈ ಮೂರು ತಾಲ್ಲೂಕುಗಳಿಂದ ಹೊರಡುವವರಿಗೆ ಭೂಸೇನೆಯ ಆಯ್ಕೆ ಕೇಂದ್ರ ಬೆಂಗಳೂರಿನಲ್ಲಿ, ವಾಯುಪಡೆಯ ಆಯ್ಕೆ ಮಂಡಳಿ ಮೈಸೂರಿನಲ್ಲಿದೆ. ಎನ್‌ಡಿಎ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಯಾವ ವಿಷಯದಲ್ಲಿ ಪಿಯುಸಿ ಓದಿದವರೂ ಅದರ ಭೂಸೇನಾ ವಿಭಾಗಕ್ಕೆ ಅರ್ಜಿ ಹಾಕಬಹುದು. ನೌಕಾ ಮತ್ತು ವಾಯು ವಿಭಾಗಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಲೇಬೇಕು. ಹತ್ತನೆಯ ತರಗತಿ ಮುಗಿಸಿ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕಾಲೇಜಿನ ಅರ್ಜಿ ತುಂಬುವ ದಿನ ಗಣಿತವನ್ನು ಕೈಬಿಟ್ಟವರಿಗೆ ಆ ಎರಡು ಬಾಗಿಲುಗಳು ಅಂದೇ ಮುಚ್ಚುತ್ತವೆ.